ಹದ್ದು ಐದು ತಿಂಗಳು ಏನು ತಿನ್ನುತ್ತದೆ?

ಪ್ರಶ್ನೆ: ನಾನು ಕಾಸರಗೋಡಿನ ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಯುಪಿ ಶಾಲೆಯೊಂದರಲ್ಲಿ ಟೀಚರ್. ಸೋಮವಾರದ ಅಸೆಂಬ್ಲಿಯಲ್ಲಿ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳುವ ಪಾಳಿ ನನ್ನದಿತ್ತು. ವಾಟ್ಸಾಪಿನಲ್ಲಿ ಬಂದಿದ್ದ ಹದ್ದಿನ ಕಥೆ ಹೇಳಿದೆ. ನಲವತ್ತು ವರ್ಷವಾದಾಗ ಹದ್ದಿನ ಕೊಕ್ಕು ಬಾಗುತ್ತದೆ, ಉಗುರು ಮೊಂಡಾಗುತ್ತದೆ, ರೆಕ್ಕೆ ಭಾರವಾಗುತ್ತದೆ. ಆಗ ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಕುಟ್ಟಿ ಮುರಿದುಕೊಳ್ಳುತ್ತದೆ, ಉಗುರು, ಗರಿ ಎಲ್ಲ ಕಿತ್ತುಕೊಳ್ಳುತ್ತದೆ, ಐದು ತಿಂಗಳ ನಂತರ ಹೊಸ ಹದ್ದಾಗಿ ಮತ್ತೆ ಮೂವತ್ತು ವರ್ಷ ಬದುಕುತ್ತದೆ ಎನ್ನುವ ಕಥೆ. ನಾನು ಮುಗಿಸುವಷ್ಟರಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ, "ಟೀಚರ್, ಕೊಕ್ಕು ಇಲ್ಲದೆ ಐದು ತಿಂಗಳು ಅದು ಏನು ತಿನ್ನುತ್ತದೆ?" ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಕಥೆ ನಿಜವೇ? ಅಲ್ಲದಿದ್ದರೆ, ಹಕ್ಕಿಗಳನ್ನು ನೋಡಿ ಮಕ್ಕಳು ಬದುಕಿಗೆ ಕಲಿಯುವಂಥದ್ದು ಏನಾದರೂ ಇದೆಯೇ?

ಉತ್ತರ: ಟೀಚರ್, ಮೊದಲು ಆ ಹುಡುಗನಿಗೆ ಒಂದು ಒಳ್ಳೆಯ ಪೆನ್ನು ಬಹುಮಾನ ಕೊಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವನು ನಾನು. ಈ ಕಥೆಯನ್ನು ದೊಡ್ಡ ದೊಡ್ಡ ವೇದಿಕೆಗಳಲ್ಲಿ, ಕೋಟು ಹಾಕಿದವರ ಬಾಯಲ್ಲಿ ಕೇಳಿದ್ದೇನೆ. ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಈ ಪ್ರಶ್ನೆ ಕೇಳಿದ್ದು ನೆನಪಿಲ್ಲ. ನಾನೂ ಒಮ್ಮೆ ಸುಮ್ನೆ ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಬಂದವನೇ.

ಕಥೆ ಸುಳ್ಳು. ಸ್ವಲ್ಪ ಉಪ್ಪು ಖಾರ ಹಚ್ಚಿದ ಸುಳ್ಳಲ್ಲ, ಬುಡದಿಂದಲೇ ಸುಳ್ಳು. ಹಕ್ಕಿಯ ಕೊಕ್ಕಿನ ಒಳಗೆ ಎಲುಬಿರುತ್ತದೆ, ಅದರ ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ಒಂದು ಕವಚ. ಹಕ್ಕಿ ಬದುಕಿರುವಷ್ಟು ದಿನ ಆ ಕವಚ ಬೆಳೆಯುತ್ತಲೇ ಇರುತ್ತದೆ. ಮೀನು ಹರಿದು, ಎಲುಬು ಕುಟ್ಟಿ, ಕೊಂಬೆಗೆ ತಿಕ್ಕಿ ಸವೆಯುತ್ತಲೂ ಇರುತ್ತದೆ. ಬೆಳೆದದ್ದಕ್ಕೂ ಸವೆದದ್ದಕ್ಕೂ ಸರಿಹೋಗಿ ಕೊಕ್ಕು ಇದ್ದ ಹಾಗೇ ಕಾಣುತ್ತದೆ. ಸಾಕಿದ ಹದ್ದಿಗೆ ಅಷ್ಟು ಸವೆತ ಸಿಗುವುದಿಲ್ಲ. ಹಾಗಾಗಿ ಅದನ್ನು ನೋಡಿಕೊಳ್ಳುವವರು ಆಗಾಗ ಕೊಕ್ಕನ್ನು ಉಜ್ಜಿ ಸರಿಮಾಡುತ್ತಾರೆ. ಆದರೆ ಎಲುಬಿನ ತನಕ ಮುರಿದ ಕೊಕ್ಕು ಮತ್ತೆ ಮೊದಲಿನಂತಾಗುವುದಿಲ್ಲ. ಕಾಡಿನ ಹದ್ದಿಗೆ ಹಾಗಾದರೆ ಉಪವಾಸ, ಆಮೇಲೆ ಸಾವು. ಐದು ತಿಂಗಳ ಮಾತು ಎಲ್ಲಿ ಬಂತು?

ಗರಿಯೂ ಹಾಗೇ. ಹದ್ದಿನ ರೆಕ್ಕೆಯ ಗರಿಗಳು ಒಂದೊಂದಾಗಿ ಬೀಳುತ್ತವೆ. ಬಿದ್ದ ಜಾಗಕ್ಕೆ ಹೊಸದು ಬೆಳೆಯುತ್ತಿರುವಾಗ ಉಳಿದವು ಕೆಲಸ ಮಾಡುತ್ತಿರುತ್ತವೆ. ದೊಡ್ಡ ಹದ್ದುಗಳಲ್ಲಿ ಎಲ್ಲ ಗರಿ ಬದಲಾಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಷ್ಟೂ ದಿನ ಅದು ಹಾರುತ್ತದೆ, ಬೇಟೆಯಾಡುತ್ತದೆ. ಅಂಗಡಿಗೆ ಬೀಗ ಹಾಕದೆ ಒಳಗೊಳಗೇ ರಿಪೇರಿ ಮಾಡಿಕೊಂಡ ಹಾಗೆ. ಇನ್ನು ಆಯುಸ್ಸು. ಅಮೆರಿಕದಲ್ಲಿ ಕಾಲಿಗೆ ಉಂಗುರ ಹಾಕಿ ಬಿಟ್ಟ ಬಿಳಿತಲೆ ಹದ್ದುಗಳಲ್ಲಿ ತುಂಬಾ ವರ್ಷ ಬದುಕಿದ್ದು ಎಂದು ದಾಖಲಾದದ್ದಕ್ಕೆ 38 ವರ್ಷ. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ವಾಹನ ಬಡಿದು ಸತ್ತಿತು. ಪಾಪ, ಅದಕ್ಕೆ ಬಂಡೆಗೆ ಕೊಕ್ಕು ಕುಟ್ಟುವ ವಯಸ್ಸೇ ಆಗಿರಲಿಲ್ಲ.

ಹಾಗಾದರೆ ಕತ್ತಲೆಗೆ ಸೇರಿ, ಗರಿ ಉದುರಿಸಿ, ತಿಂಗಳುಗಟ್ಟಲೆ ಕೂತು ಹೊಸದಾಗಿ ಹೊರಬರುವ ಹಕ್ಕಿಯೇ ಇಲ್ಲವೇ? ಇದೆ. ತಮಾಷೆ ಎಂದರೆ ಅದು ನಮ್ಮ ಊರಿನಲ್ಲೇ ಇದೆ. ಮಂಗಟ್ಟೆ.

ಕಾರಡ್ಕ, ಮುಳ್ಳೇರಿಯ ಕಡೆಯ ಕಾಡಿನ ಅಂಚಿನಲ್ಲಿ ಯಾರೋ ಕೇಕೆ ಹಾಕಿ ನಕ್ಕ ಹಾಗೆ ಕೇಳಿಸಿದರೆ ಅದು ಮಲಬಾರ್ ಬೂದು ಮಂಗಟ್ಟೆ. ಇದರ ದೊಡ್ಡಣ್ಣ, ಕೊಕ್ಕಿನ ಮೇಲೆ ಹಳದಿ ಟೋಪಿ ಹೊತ್ತ ದೊಡ್ಡ ಮಂಗಟ್ಟೆ, ಕೇರಳದ ರಾಜ್ಯಪಕ್ಷಿ. ನಿಮ್ಮ ಮಕ್ಕಳಿಗೆ ಮಲಯಾಳದ ವೇಳಾಂಬಲ್ ಎಂದರೆ ಬೇಗ ಗೊತ್ತಾಗಬಹುದು. ಬೇಸಗೆ ಶುರುವಾಗುವ ಹೊತ್ತಿಗೆ ಹೆಣ್ಣು ಎತ್ತರದ ಮರದ ಪೊಟರೆಗೆ ಇಳಿಯುತ್ತದೆ. ತನ್ನ ಹಿಕ್ಕೆಯನ್ನೇ ಗಾರೆಯ ಹಾಗೆ ಮೆತ್ತಿ ಬಾಗಿಲು ಮುಚ್ಚುತ್ತದೆ. ಒಳಗಿನಿಂದ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಹೆಚ್ಚು ಕಡಿಮೆ ಮೂರು ತಿಂಗಳು ಅಲ್ಲೇ ಮೊಟ್ಟೆ, ಅಲ್ಲೇ ಮರಿ. ಮಂಗಟ್ಟೆಯ ಹಲವು ಜಾತಿಗಳಲ್ಲಿ ಹೆಣ್ಣು ಆ ಕತ್ತಲಲ್ಲಿ ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿಬಿಡುತ್ತದೆ. ಹಾರಲು ಬಾರದ ಮುದ್ದೆಯಾಗಿ ಕೂತಿರುತ್ತದೆ. ಆಮೇಲೆ ಹೊಸ ಗರಿ ಬರುತ್ತದೆ.

ಈಗ ನಿಮ್ಮ ಹುಡುಗನ ಪ್ರಶ್ನೆ ಇಲ್ಲಿಗೆ ಹಾಕಿ ನೋಡಿ. ಮೂರು ತಿಂಗಳು ಅದು ಏನು ತಿನ್ನುತ್ತದೆ?

ಒಂದು ಫೆಬ್ರವರಿಯಲ್ಲಿ ಇಂಥ ಒಂದು ಗೂಡಿನ ಎದುರು, ದೂರದಲ್ಲಿ, ಬೆಳಗ್ಗೆ ಕೂತಿದ್ದೆ. ಗಂಡು ಬಂತು. ನೇರ ಗೂಡಿಗೆ ಹೋಗಲಿಲ್ಲ. ಪಕ್ಕದ ಮರದಲ್ಲಿ ಕೂತು ನನ್ನನ್ನೇ ಓರೆಗಣ್ಣಲ್ಲಿ ನೋಡಿತು. ಗಂಟಲು ಉಬ್ಬಿತ್ತು. ಹತ್ತು ನಿಮಿಷ ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ನನ್ನಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನ ಮಾಡಿತೋ ಏನೋ, ಪೊಟರೆಯ ಬಾಯಿಗೆ ಹೋಗಿ ಅಂಟಿಕೊಂಡಿತು. ಕತ್ತು ಒಮ್ಮೆ ಕೊಡವಿತು. ಕೊಕ್ಕಿನ ತುದಿಗೆ ಒಂದು ಗೋಳಿ ಹಣ್ಣು ಬಂತು. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಗೆ ಬಂದು ತೆಗೆದುಕೊಂಡಿತು. ಮತ್ತೆ ಕೊಡವಿತು, ಮತ್ತೊಂದು ಹಣ್ಣು. ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವಂತೆ ಒಂದೊಂದಾಗಿ. ಹಣ್ಣು ಮುಗಿದ ಮೇಲೆ ಮರದ ತೊಗಟೆಯ ಒಂದು ಚೂರನ್ನೂ ಕೊಟ್ಟಿತು. ಅದು ಯಾಕೆ ಎಂದು ಬಹಳ ಹೊತ್ತು ಯೋಚಿಸಿದೆ. ನನ್ನ ಹೆಂಡತಿಯ ಪ್ರಕಾರ ಅಂಗಡಿಗೆ ಕಳಿಸಿದರೆ ಎಲ್ಲ ಗಂಡಸರೂ ಹೇಳದ ಒಂದು ಸಾಮಾನು ತರುತ್ತಾರೆ.

ಆ ಗಂಡು ಬಾರದೆ ಹೋದರೆ? ಬೇಟೆಗೋ ಕರೆಂಟ್ ತಂತಿಗೋ ಸಿಕ್ಕಿದರೆ? ಆ ಗೂಡಿನ ಕಥೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ನನ್ನ ಒಬ್ಬ ಗೆಳೆಯ ನಲವತ್ತೆರಡನೇ ವಯಸ್ಸಿಗೆ ಗಲ್ಫಿನ ಕೆಲಸ ಬಿಟ್ಟು ಬಂದು, ತೋಟದ ಜೊತೆ ಸಣ್ಣ ಉದ್ಯಮ ಶುರು ಮಾಡಿದ. ಈಗ ಗೆದ್ದಿದ್ದಾನೆ. ಕರೆದಲ್ಲೆಲ್ಲ ಹೋಗಿ ಹದ್ದಿನ ಕಥೆ ಹೇಳುತ್ತಾನೆ. ಆದರೆ ಮೊದಲ ಎರಡು ವರ್ಷ ಮನೆ ನಡೆದದ್ದು ಅವನ ಹೆಂಡತಿಯ ಸಂಬಳದಲ್ಲಿ. ಅಕ್ಕಿ, ಮಕ್ಕಳ ಫೀಸು, ಅವನ ಅಪ್ಪನ ಮದ್ದು ಎಲ್ಲ. "ನೀನು ಮಂಗಟ್ಟೆ ಮಾರಾಯ, ಅದೂ ಒಳಗೆ ಕೂತ ಮಂಗಟ್ಟೆ" ಎಂದು ಒಮ್ಮೆ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅವನ ಹೆಂಡತಿ ಅಡುಗೆ ಮನೆಯಲ್ಲಿ ಜೋರಾಗಿ ನಕ್ಕಳು.

ನನ್ನ ಮಟ್ಟಿಗೆ ಹಕ್ಕಿಯಿಂದ ಕಲಿಯುವುದು ಶುರುವಾಗುವುದೇ ಇಲ್ಲಿ. ನಾವು ಮೊದಲು ನೀತಿ ಇಟ್ಟುಕೊಳ್ಳುತ್ತೇವೆ, ಆಮೇಲೆ ಅದಕ್ಕೊಂದು ಹಕ್ಕಿ ಹುಡುಕುತ್ತೇವೆ. ಹಾಗೆ ಮಾಡಿದರೆ ಹಕ್ಕಿ ಕಾಣುವುದೇ ಇಲ್ಲ. ಅದು ಏನು ತಿನ್ನುತ್ತದೆ, ಯಾರು ತಂದು ಕೊಡುತ್ತಾರೆ, ಯಾರು ಅದನ್ನು ತಿನ್ನುತ್ತಾರೆ ಎಂದು ಕೇಳಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಅಸೆಂಬ್ಲಿಯಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸುವಂಥದ್ದಲ್ಲ ಅದು. ಕೆಲವೊಮ್ಮೆ ನಮಗೆ ಬೇಕಾದದ್ದೂ ಆಗಿರುವುದಿಲ್ಲ.

ಗೀಜಗವನ್ನೇ ನೋಡಿ. ಮಕ್ಕಳ ಪುಸ್ತಕದಲ್ಲಿ ಗೀಜಗ ಎಂದರೆ ಶ್ರಮಜೀವಿ, ಒಳ್ಳೆಯ ಗೃಹಸ್ಥ. ಮಳೆಗಾಲದ ಆಟಿ, ಸೋಣ ತಿಂಗಳಲ್ಲಿ ಗದ್ದೆ ಬದಿಯ ತೆಂಗಿನ ಮಡಲಿನಲ್ಲಿ ಗೂಡು ನೇತಾಡುವಾಗ ಒಂದು ವಾರ ನೋಡಿದರೆ ಸಾಕು. ಗಂಡು ಗೂಡನ್ನು ಅರ್ಧ ಮಾತ್ರ ಹೆಣೆಯುತ್ತದೆ. ಆ ಹಂತದಲ್ಲಿ ಅದು ಹೆಲ್ಮೆಟ್ಟಿನ ಹಾಗಿರುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ಎಳೆದು ಜಗ್ಗಿ ನೋಡುತ್ತವೆ. ಒಪ್ಪಿದರೆ ಮಾತ್ರ ಉಳಿದ ಕೆಲಸ. ಗೂಡು ಪೂರ್ತಿಯಾಗಿ ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಅದೇ ಮರದಲ್ಲಿ ಇನ್ನೊಂದು ಹೆಲ್ಮೆಟ್ ಶುರು ಮಾಡುತ್ತದೆ, ಇನ್ನೊಬ್ಬಳಿಗೆ. ಮರಿಗೆ ಹುಳ ತಂದು ತಿನ್ನಿಸುವ ಕೆಲಸ ಹೆಚ್ಚಾಗಿ ಅಮ್ಮನದೇ. 1930ರ ಸುಮಾರಿಗೆ ಮುಂಬಯಿ ಹತ್ತಿರದ ಕಿಹಿಮ್ ಎಂಬಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ದಿನಗಟ್ಟಲೆ ಕೂತು ನೋಡಿ ಇದನ್ನೆಲ್ಲ ಬರೆದಿಟ್ಟರು. ಇದರಿಂದ ಸಂಸಾರದ ಪಾಠ ಹೇಳಹೊರಟರೆ ಪಿಟಿಎ ಸಭೆ ಕರೆಯಬೇಕಾದೀತು. ಹೆಣೆಯುವ ಕೈಚಳಕ ನೋಡಿ ಬಾಯಿ ಬಿಡಿ, ಸಾಕು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹಕ್ಕಿಯಿಂದ ನಾನು ಕಲಿತ ಗಟ್ಟಿ ಪಾಠ ಅದೊಂದೇ ಇರಬೇಕು.

ಕಾಲೇಜು ಓದುತ್ತಿದ್ದ ಕಾಲ. ಪೆರ್ಲ ಕಡೆಯ ಒಂದು ಪದವು. ಗೊತ್ತಲ್ಲ, ಮುರಕಲ್ಲಿನ ಬೋಳು ಬಯಲು, ಮಾರ್ಚ್ ತಿಂಗಳ ಮಧ್ಯಾಹ್ನ ಚಪ್ಪಲಿ ಹಾಕಿದರೂ ಕಾಲು ಸುಡುತ್ತದೆ. ಅಲ್ಲಿ ಟಿಟ್ಟಿಭ ಹಕ್ಕಿಯ ಜೋಡಿಯೊಂದು ನನ್ನ ತಲೆ ಮೇಲೆ ಕಿರುಚುತ್ತಾ ಸುತ್ತು ಹಾಕಿತು. ಎಲ್ಲೋ ಗೂಡಿದೆ ಎಂದು ಗೊತ್ತಾಯಿತು. ಕಾಲಿಡಲು ಹೆದರಿ ಇದ್ದಲ್ಲೇ ಕೂತೆ. ಅರ್ಧ ಗಂಟೆಯ ನಂತರ ಹೆಣ್ಣೋ ಗಂಡೋ ಒಂದು ಹಕ್ಕಿ ನಡೆದು ಬಂದು ಕಲ್ಲುಗಳ ನಡುವೆ ಕೂತಿತು. ಅಲ್ಲಿ ನಾಲ್ಕು ಮೊಟ್ಟೆ. ಗೂಡು ಎನ್ನಲು ಏನೂ ಇಲ್ಲ, ನೆಲದಲ್ಲಿ ಒಂದು ಚಿಕ್ಕ ತಗ್ಗು, ಸುತ್ತ ನಾಲ್ಕು ಕಲ್ಲು ಹರಳು. ಮೊಟ್ಟೆಯ ಚೂಪು ತುದಿಗಳೆಲ್ಲ ಒಳಮುಖ. ಬಣ್ಣ ಥೇಟ್ ಮುರಕಲ್ಲಿನದು.

ನನಗೆ ಅಯ್ಯೋ ಅನಿಸಿತು. ಈ ಬಿಸಿಲಲ್ಲಿ ಮೊಟ್ಟೆ ಬೇಯುವುದಿಲ್ಲವೇ? ಕೆಳಗಿನ ತೋಟಕ್ಕೆ ಇಳಿದು ಒಂದು ಒಣ ಮಡಲು ಎಳೆದು ತಂದೆ. ನಾಲ್ಕು ಗೂಟ ನೆಟ್ಟೆ. ಮೇಲೆ ಮಡಲು ಹಾಸಿ, ಚಂದದ ಒಂದು ಚಪ್ಪರ ಮಾಡಿದೆ. ನೆರಳು ಸರಿಯಾಗಿ ಮೊಟ್ಟೆಯ ಮೇಲೆ ಬೀಳುವ ಹಾಗೆ. ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಪುಣ್ಯದ ಕೆಲಸ ಮಾಡಿದೆ" ಎಂದಳು.

ಮರುದಿನ ಬೆಳಗ್ಗೆ ಹೋದೆ. ಚಪ್ಪರದ ಮೇಲೆ ಎರಡು ಕಾಗೆ ಕೂತಿದ್ದವು. ಕೆಳಗೆ ಚಿಪ್ಪಿನ ಚೂರು. ಟಿಟ್ಟಿಭದ ಜೋಡಿ ದೂರದಲ್ಲಿ ನಿಂತಿತ್ತು. ಕೂಗಲೂ ಇಲ್ಲ.

ಆ ಬೋಳು ಬಯಲಲ್ಲಿ ಕಾಗೆಗೆ ಕೂರಲು ಒಂದು ಎತ್ತರದ ಜಾಗ ಇರಲಿಲ್ಲ. ನಾನು ಮಾಡಿಕೊಟ್ಟೆ. ಮೊಟ್ಟೆ ಎಲ್ಲಿದೆ ಎಂಬ ಗುರುತೂ ಇರಲಿಲ್ಲ. ಅದನ್ನೂ ಕೊಟ್ಟೆ. ಟಿಟ್ಟಿಭ ಸುತ್ತಲೂ ದೂರದವರೆಗೆ ಕಾಣುವ ಬಯಲನ್ನೇ ಆರಿಸಿಕೊಳ್ಳುತ್ತದೆ. ಬರುವವನನ್ನು ಮೊದಲೇ ನೋಡುವುದೇ ಅದರ ಕಾವಲು. ಚಪ್ಪರದ ಅಡಿಗೆ ಹೋಗಿ ಕೂರಲು ಅದಕ್ಕೆ ಹೆದರಿಕೆಯಾಗಿರಬೇಕು.

ಬಿಸಿಲಿನ ಉತ್ತರ ಸಿಕ್ಕಿದ್ದು ಎರಡು ಬೇಸಗೆ ಕಳೆದ ಮೇಲೆ. ಬೇರೆ ಪದವು, ಬೇರೆ ಜೋಡಿ. ಮಧ್ಯಾಹ್ನ ಹನ್ನೆರಡು ದಾಟಿತ್ತು. ಒಂದು ಹಕ್ಕಿ ಕೆಳಗಿನ ತೋಡಿನ ಕಟ್ಟಕ್ಕೆ ಇಳಿದು, ನೀರಲ್ಲಿ ನಿಂತು ಹೊಟ್ಟೆ ಅದ್ದಿ ಅದ್ದಿ ಅಲ್ಲಾಡಿತು. ಸ್ನಾನ ಎಂದುಕೊಂಡೆ. ಆದರೆ ರೆಕ್ಕೆ ಒದ್ದೆ ಮಾಡಲಿಲ್ಲ. ನೇರ ಹಾರಿ ಬಂದು, ನೀರು ತೊಟ್ಟಿಕ್ಕುವ ಹೊಟ್ಟೆಯಲ್ಲೇ ಮೊಟ್ಟೆಗಳ ಮೇಲೆ ಕೂತಿತು. ಮೊಟ್ಟೆ ತಣ್ಣಗಾಗಿಸಲು ಅವು ಹೀಗೆ ಮಾಡುವುದು ಹಕ್ಕಿ ನೋಡುವವರಿಗೆ ಹಳೆಯ ವಿಷಯ. ನನಗೆ ಗೊತ್ತಿರಲಿಲ್ಲ, ಅಷ್ಟೇ. ಅದರ ಹತ್ತಿರ ಉತ್ತರ ಇತ್ತು. ನಾನು ಕೇಳದೆ ಚಪ್ಪರ ಹಾಕಿದ್ದೆ.

ಕಷ್ಟದಲ್ಲಿದ್ದಾರೆ ಎಂದು ಕಂಡವರ ಮನೆಗೆ ಸಹಾಯ ಹೊತ್ತುಕೊಂಡು ಹೋಗುವ ಮೊದಲು ನನಗೆ ಈಗಲೂ ಆ ಮಡಲು ನೆನಪಾಗುತ್ತದೆ. ಹೋಗುವುದಿಲ್ಲ ಎಂದಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಕೂರುತ್ತೇನೆ. ಅವರು ಈಗಾಗಲೇ ಏನು ಮಾಡುತ್ತಿದ್ದಾರೆ ಎಂದು ಕೇಳುತ್ತೇನೆ.

ಇನ್ನೊಂದು ಹಕ್ಕಿಯ ಬಗ್ಗೆ ಹೇಳಲೇಬೇಕು. ಹರಟೆಮಲ್ಲ. ಬೂದು ಮೈ, ಹಳದಿ ಕೊಕ್ಕು, ಯಾವಾಗಲೂ ಸಿಟ್ಟು ಬಂದ ಹಾಗೆ ಕಾಣುವ ಕಣ್ಣು. ಆರೇಳು ಹಕ್ಕಿಗಳ ಗುಂಪು ತೋಟದ ತರಗೆಲೆ ಕೆದರುತ್ತಾ, ಒಂದೇ ಸಮನೆ ವಟವಟ ಎನ್ನುತ್ತಾ ಹೋಗುತ್ತದೆ. ಒಂದು ಜೋಡಿ ಮರಿ ಮಾಡಿದರೆ ಗುಂಪಿನ ಉಳಿದವೂ ಹುಳ ತಂದು ಕೊಡುತ್ತವೆ. ಅಣ್ಣ, ಅಕ್ಕ, ಚಿಕ್ಕಪ್ಪ ಎಲ್ಲ ಸೇರಿ ಸಾಕಿದ ಹಾಗೆ. ನಮ್ಮ ಹಳೆಯ ಕೂಡು ಕುಟುಂಬ ಎನ್ನಿ. ಜಗಳವೂ ಅಷ್ಟೇ ಇದೆ. ಗುಂಪು ಕೆಳಗೆ ಮೇಯುವಾಗ ಒಂದು ಹಕ್ಕಿ ಎತ್ತರದಲ್ಲಿ ಕೂತು ಕಾವಲು ಕಾಯುತ್ತದೆ. ಗಿಡುಗ ಬಂದರೆ ಕೂಗಿ ಎಚ್ಚರಿಸುತ್ತದೆ.

ಇದನ್ನು ನೋಡಿ ನಾನು ಕ್ಲಾಸಿನಲ್ಲಿ ವರ್ಷಗಟ್ಟಲೆ "ತ್ಯಾಗ" ಎಂದು ಪಾಠ ಮಾಡಿದೆ. ತಾನು ಹಸಿದಿದ್ದು ಬೇರೆಯವರನ್ನು ಕಾಯುವ ಹಕ್ಕಿ ಎಂದು. ಕೇಳಲು ಚೆನ್ನಾಗಿತ್ತು.

ಇದರ ನೆಂಟನೇ ಆದ ಅರ್ಬಿ ಹರಟೆಮಲ್ಲವನ್ನು ಇಸ್ರೇಲಿನ ಮರುಭೂಮಿಯಲ್ಲಿ ಅಮೋಟ್ಸ್ ಜಹಾವಿ ಎಂಬ ವಿಜ್ಞಾನಿ ದಶಕಗಟ್ಟಲೆ ನೋಡಿದರು. ಅವರ ವಾದವೇ ಬೇರೆ. ಕಾವಲು ಕಾಯುವುದು ಗುಂಪಿನಲ್ಲಿ ದೊಡ್ಡಸ್ತಿಕೆ ತೋರಿಸಲು, ಅದಕ್ಕಾಗಿ ಪೈಪೋಟಿಯೂ ಇದೆ ಎಂದರು. ಮುಂದೆ ಬೇರೆ ಸಂಶೋಧಕರು ಅದೇ ಹಕ್ಕಿಗಳಿಗೆ ಜಾಸ್ತಿ ಆಹಾರ ಕೊಟ್ಟು ನೋಡಿದರು. ಹೊಟ್ಟೆ ತುಂಬಿದ ಹಕ್ಕಿ ಹೆಚ್ಚು ಹೊತ್ತು ಕಾವಲಿಗೆ ಕೂತಿತು. ಆಫ್ರಿಕದ ಮೀರ್‌ಕ್ಯಾಟ್ ಎಂಬ ಮುಂಗುಸಿ ಜಾತಿಯ ಪ್ರಾಣಿಯಲ್ಲೂ ಇದೇ ಕಂಡಿತು ಎಂದು 1999ರಲ್ಲಿ ಪ್ರಕಟವಾಯಿತು. ಅಂದರೆ ಮೊದಲು ಊಟ, ಆಮೇಲೆ ಕಾವಲು. ಹಸಿದವನು ಕೆಳಗಿಳಿದು ತಿನ್ನುತ್ತಾನೆ, ತಿಂದವನು ಮೇಲೆ ಹತ್ತುತ್ತಾನೆ. ತ್ಯಾಗಮೂರ್ತಿ ಯಾರೂ ಇಲ್ಲ, ಆದರೂ ಗುಂಪಿಗೆ ಕಾವಲು ತಪ್ಪುವುದಿಲ್ಲ.

ಇದನ್ನು ಓದಿದ ಸಮಯಕ್ಕೆ ನಮ್ಮ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ನನ್ನ ಹೆಂಡತಿ ಬೆಳಗ್ಗೆ ಅಮ್ಮನ ಬಟ್ಟೆ, ಮದ್ದು, ಗಂಜಿ ಎಲ್ಲ ಮುಗಿಸಿ, ಹತ್ತೂವರೆಗೆ ನಿಂತುಕೊಂಡೇ ಎರಡು ತಣ್ಣಗಿನ ದೋಸೆ ತಿನ್ನುವುದು. ಮಧ್ಯಾಹ್ನವೂ ಹಾಗೇ. ಎಲ್ಲರೂ ಅವಳನ್ನು ಹೊಗಳುತ್ತಿದ್ದರು, ನಾನೂ ಸೇರಿ. ಅವಳಿಗೆ ಹರಟೆಮಲ್ಲನ ವಿಷಯ ಹೇಳಿದೆ. ನೀನು ಮೊದಲು ತಿನ್ನು, ಆಮೇಲೆ ಅಮ್ಮನನ್ನು ನೋಡು ಎಂದೆ. ಅವಳು ಕೈ ಒರೆಸಿಕೊಳ್ಳುತ್ತಾ, "ಆ ಹಕ್ಕಿ ಕೆಳಗಿಳಿದು ತಿನ್ನುವಾಗ ಮೇಲೆ ಬೇರೊಂದು ಹತ್ತಿ ಕೂರುತ್ತದೆ, ಅಲ್ವಾ?" ಎಂದಳು.

ಅದು ನಾನು ನೋಡಿರದ ಅರ್ಧ. ಮರುದಿನದಿಂದ ಬೆಳಗ್ಗಿನ ಗಂಜಿ ಕುಡಿಸುವುದು ನನ್ನ ಕೆಲಸವಾಯಿತು. ಮೊದಲ ವಾರ ಅರ್ಧ ಗಂಜಿ ಅಮ್ಮನ ಸೀರೆಯ ಮೇಲೇ ಹೋಯಿತು.

ನಿಮ್ಮ ಏಳನೇ ಕ್ಲಾಸಿನವರಿಗೆ ಜಾಸ್ತಿ ಹಿಡಿಸುವುದು ಬಹುಶಃ ಭೀಮರಾಜ. ಬಾಲದಲ್ಲಿ ಎರಡು ಉದ್ದ ಕಡ್ಡಿ, ತುದಿಯಲ್ಲಿ ಚಮಚದ ಹಾಗೆ ಗರಿ ಇರುವ ಕರಿ ಹಕ್ಕಿ. ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತದೆ. ಗಿಡುಗ ಬಂತು ಎಂದು ನಿಜವಾಗಿಯೂ ಎಚ್ಚರಿಸುತ್ತದೆ. ಹಾಗಾಗಿ ಇತರ ಹಕ್ಕಿಗಳು ಅದರ ಜೊತೆ ಮೇಯಲು ಇಷ್ಟಪಡುತ್ತವೆ. ಇದರ ಆಫ್ರಿಕದ ದಾಯಾದಿಯ ಕಥೆ ಇನ್ನೂ ಮಜಾ. ಕಲಹಾರಿ ಮರುಭೂಮಿಯ ಕಾಜಾಣ ಬಹಳ ಸಲ ನಿಜ ಹೇಳುತ್ತದೆ, ನಡುನಡುವೆ ಸುಳ್ಳು ಕೂಗು ಹಾಕುತ್ತದೆ. ಬೇರೆ ಪ್ರಾಣಿಗಳು ತಿಂಡಿ ಬಿಟ್ಟು ಓಡಿದಾಗ ಇದು ಎತ್ತಿಕೊಳ್ಳುತ್ತದೆ. ಅದರ ದಿನದ ಆಹಾರದಲ್ಲಿ ಸುಮಾರು ಕಾಲು ಭಾಗ ಹೀಗೆ ಕದ್ದದ್ದು. ಒಂದು ಕೂಗಿಗೆ ಯಾರೂ ಮೋಸ ಹೋಗದಿದ್ದರೆ ಕೂಗನ್ನೇ ಬದಲಾಯಿಸುತ್ತದೆ. ಮಕ್ಕಳಿಗೆ ಇದನ್ನು ಹೇಳಿ, ಆದರೆ "ಇದರ ನೀತಿ ಏನು" ಎಂದು ಕೇಳಬೇಡಿ. ವಾಟ್ಸಾಪ್ ಬಳಸುವ ಮನೆಯ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಹಾಗೆಂದು ಹಿರಿಯರು ಹಕ್ಕಿ ನೋಡದೆ ಮಾತಾಡಿದರು ಎಂದುಕೊಳ್ಳಬೇಡಿ. ನವಿಲು ಕುಣಿಯಿತೆಂದು ಕೆಂಬೂತವೂ ಕುಣಿಯಿತಂತೆ ಎಂದು ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಕೆಂಬೂತವನ್ನು ಸರಿಯಾಗಿ ನೋಡಿದ್ದಾರೆ. ಮಳೆ ಬಿಟ್ಟ ಬೆಳಗ್ಗೆ ಪೊದೆಯ ಮೇಲೆ ಕೂತು ಅದು ಕಂದು ರೆಕ್ಕೆ, ಕರಿ ಬಾಲ ಎರಡನ್ನೂ ಅಗಲಿಸಿ ನಿಲ್ಲುತ್ತದೆ. ನೋಡಿದರೆ ನವಿಲಿನ ಅಣಕವೇ. ಪಾಪ, ಅದು ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ. ಗಾದೆಯವರು ಕಂಡದ್ದು ನಿಜ, ಅಂದುಕೊಂಡದ್ದು ಮಾತ್ರ ಅವರದು.

ಇದರಿಂದ ನಿಮಗೆ ಒಂದು ಕೆಲಸ ಸೂಚಿಸುತ್ತೇನೆ. ಅಸೆಂಬ್ಲಿ ಭಾಷಣಕ್ಕಿಂತ ಇದು ವಾಸಿ. ಮಕ್ಕಳ ಕೈಗೆ ಒಂದೊಂದು ನೋಟುಪುಸ್ತಕ ಕೊಡಿ. ಪುಟದ ನಡುವೆ ಒಂದು ಗೆರೆ. ಎಡಗಡೆ "ಕಂಡದ್ದು", ಬಲಗಡೆ "ಅಂದುಕೊಂಡದ್ದು". ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ಶಾಲೆಯ ಹಿಂದಿನ ಮರದಡಿಯೋ ಹತ್ತಿರದ ತೋಟವೋ. ಅಷ್ಟೇ. ಬೈನಾಕ್ಯುಲರ್ ಬೇಡ. ನಾನು ಒಂದು ಶಾಲೆಯಲ್ಲಿ ಇದನ್ನು ಮಾಡಿಸಿದಾಗ ಮೊದಲ ದಿನ ಎಲ್ಲರ ಬಲಗಡೆ ತುಂಬಿತ್ತು, ಎಡಗಡೆ ಖಾಲಿ. ಕಾಗೆ ಕಳ್ಳ, ಪಾರಿವಾಳ ಸಾಧು, ಗೂಬೆ ಅಪಶಕುನ. ಎರಡು ತಿಂಗಳ ಮೇಲೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎಡಗಡೆ ಹೀಗೆ ಬರೆದಿದ್ದಳು: "ಅಡಿಕೆ ತೋಟದಲ್ಲಿ ಸಣ್ಣ ಹಕ್ಕಿ. ಎದೆಯಲ್ಲಿ ಎರಡು ಕರಿ ಪಟ್ಟಿ. ಬಾಲ ಮೇಲೆ ಕೆಳಗೆ ಅಲ್ಲಾಡಿಸುವುದಿಲ್ಲ, ಅಡ್ಡಡ್ಡ ಅಲ್ಲಾಡಿಸುತ್ತದೆ." ಅದು ಕಾಡು ಸಿಪಿಲೆ. ಪೂರ್ವ ಏಷ್ಯಾದಿಂದ ನಮ್ಮ ತೋಟಗಳಿಗೆ ಚಳಿಗಾಲ ಕಳೆಯಲು ಬರುವ ಅತಿಥಿ. ಉಳಿದ ಸಿಪಿಲೆಗಳು ಬಾಲ ಮೇಲೆ ಕೆಳಗೆ ಕುಣಿಸುತ್ತವೆ, ಇದೊಂದು ಮಾತ್ರ ಅಡ್ಡಕ್ಕೆ. ಪುಸ್ತಕ ನೋಡದೆ ಆ ಮಗು ಅದರ ಗುರುತು ಹಿಡಿದಿತ್ತು. ಅವಳ ಬಲಗಡೆ ಖಾಲಿ ಇತ್ತು. ನಾನು ಎರಡು ಸಲ ಸರಿ ಹಾಕಿದೆ.

ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರಲು ಹೇಳಿ. ನಮ್ಮದು ಏಳು ಭಾಷೆಯ ಊರು. ಒಂದೇ ಹಕ್ಕಿಗೆ ಕ್ಲಾಸಿನಲ್ಲಿ ನಾಲ್ಕು ಹೆಸರು ಸಿಗುತ್ತದೆ. ಕೆಂಬೂತ ಎಂದರೆ ತುಳು ಮನೆಯ ಹುಡುಗ ಕುಪ್ಪುಲು ಎನ್ನುತ್ತಾನೆ, ಮಲಯಾಳ ಮನೆಯ ಹುಡುಗಿ ಚೆಂಬೋತ್ತ್ ಎನ್ನುತ್ತಾಳೆ. ಕೆಂಬೂತ, ಚೆಂಬೋತ್ತ್ ಎರಡೂ ಅಕ್ಕ ತಂಗಿಯರು ಎಂದು ಯಾರೂ ಹೇಳಿಕೊಡದೆ ಮಕ್ಕಳಿಗೇ ಹೊಳೆಯುತ್ತದೆ. ಕಂಡ ಹಕ್ಕಿಗಳ ಪಟ್ಟಿಯನ್ನು, ಹಕ್ಕಿ ನೋಡುವವರು ದಾಖಲೆ ಇಡುವ ಇ-ಬರ್ಡ್ ಆ್ಯಪಿಗೆ ಹಾಕಿದರೆ ಇನ್ನೂ ಒಳ್ಳೆಯದು. 2015ರಿಂದ 2020ರ ತನಕ ಸಾವಿರಕ್ಕೂ ಹೆಚ್ಚು ಹಕ್ಕಿಪ್ರಿಯರು ಹೀಗೆ ಮೂಲೆ ಮೂಲೆ ಸುತ್ತಿ, ಯಾವ ಹಕ್ಕಿ ಎಲ್ಲಿದೆ ಎಂದು ತೋರಿಸುವ ಕೇರಳ ಹಕ್ಕಿ ಅಟ್ಲಾಸ್ ಮಾಡಿದರು. ಅವರಲ್ಲಿ ಎಷ್ಟೋ ಮಂದಿ ವಿಜ್ಞಾನ ಓದಿದವರಲ್ಲ. ಒಂದು ಶನಿವಾರ ಮಕ್ಕಳನ್ನು ಕುಂಬಳೆ ಹತ್ತಿರದ, ಹಕ್ಕಿಗಳಿಗೆ ಹೆಸರಾದ ಕಿದೂರಿಗೂ ಕರೆದುಕೊಂಡು ಹೋಗಬಹುದು. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಬೇಗ ಹೋಗಿ, ಒಂಬತ್ತು ಗಂಟೆಯ ಮೇಲೆ ಹಕ್ಕಿಗಳೂ ನೆರಳು ಸೇರುತ್ತವೆ.

ಕೊನೆಗೆ ಆ ಹುಡುಗನ ಹದ್ದು. ಅವನಿಗೆ ಅಮೆರಿಕದ ಹದ್ದು ಬೇಕಾಗಿಲ್ಲ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂವು, ಪ್ರಾಣಿ, ಹಕ್ಕಿ ಎಂದು ಹೆಸರಿಸಿಕೊಂಡಿತು. ಮರ ಕಾಸರಕ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಮಳೆಗಾಲ ಕಳೆದ ಮೇಲೆ ಜೋಡಿ ತನ್ನ ಹಳೆಯ ಗೂಡಿಗೇ ಬರುತ್ತದೆ, ಕಡಲ ಬದಿಯ ಎತ್ತರದ ಮರದಲ್ಲಿ. ಮುರಿದ ಕಡ್ಡಿಯ ಜಾಗಕ್ಕೆ ಹೊಸದು ಇಡುತ್ತದೆ. ವರ್ಷ ವರ್ಷ ಹೀಗೆ ಸೇರಿಸಿ ಕೆಲವು ಗೂಡು ಚಾಪೆಯಷ್ಟು ಅಗಲ ಆಗಿರುತ್ತವೆ. ಮರಿಗೆ ಅಪ್ಪ ಅಮ್ಮನ ಬೂದು ಬಿಳಿ ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ಮೊದಲ ವರ್ಷದ ಕಂದು ಮರಿ ಬೇಟೆಯಾಡುವುದನ್ನು ನಾನು ಕುಂಬಳೆಯ ಕಡಲ ಬದಿಯಲ್ಲಿ ನೋಡಿದ್ದೇನೆ. ಎರಗುತ್ತದೆ, ನೀರು ಚಿಮ್ಮುತ್ತದೆ, ಬರಿ ಕಾಲಲ್ಲಿ ಏಳುತ್ತದೆ. ಮತ್ತೆ ಎರಗುತ್ತದೆ. ಒಂದು ಸಲ ತೇಲುತ್ತಿದ್ದ ಪ್ಲಾಸ್ಟಿಕ್ ಚೀಲ ಎತ್ತಿಕೊಂಡು ಹೋಗಿ, ದೂರದಲ್ಲಿ ಬಿಟ್ಟು, ಗಾಳಿಮರದ ತುದಿಯಲ್ಲಿ ಬಹಳ ಹೊತ್ತು ಸುಮ್ನೆ ಕೂತಿತ್ತು.

ಮರಿ ಇರುವಾಗ ಗೂಡಿನ ಬಳಿ ಹೋಗಬಾರದು. ಬೇಸಗೆ ರಜೆಯಲ್ಲಿ, ಮರಿ ಹಾರಿಹೋದ ಮೇಲೆ, ಆ ಹುಡುಗನನ್ನು ಅಂಥ ಒಂದು ಮರದ ಬುಡಕ್ಕೆ ಕರೆದುಕೊಂಡು ಹೋಗಿ. ಮೇಲೆ ನೋಡುವುದು ಬೇಡ, ನೆಲ ನೋಡಲಿ. ಮೀನಿನ ಮುಳ್ಳು, ಏಡಿಯ ಚಿಪ್ಪು, ಅದೃಷ್ಟ ಇದ್ದರೆ ಮಣಿಸರದ ಹಾಗೆ ಬಿದ್ದಿರುವ ಕಡಲ ಹಾವಿನ ಬೆನ್ನೆಲುಬು. ಒಂದು ಕಾಗದದಲ್ಲಿ ಕಟ್ಟಿಕೊಂಡು ಬಂದು ಎಡಗಡೆಯ ಪುಟದಲ್ಲಿ ಬರೆದಿಡಲಿ, ಅದು ಏನು ತಿನ್ನುತ್ತದೆ ಎಂದು.